ನೀಲಿ ಮೀನಿನ ನೆರೆಹೊರೆ

ಯಾರ ಪಕ್ಕ ಯಾರು ಬಾಳುತ್ತಾರೆಂದು ಮುಖ ನೋಡಿಯೇ ಹೇಳಬಲ್ಲೆ ಎಂಬ ಜಂಬ ನನಗೆ ಬಹಳ ದಿನ ಇತ್ತು. ವನಗೂರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವನು. ಲೈನಿನ ಸಾಲುಮನೆಗಳಲ್ಲಿ ಯಾವ ಕೆಲಸದವರ ಸಂಸಾರಕ್ಕೆ ಯಾವ ಮನೆ ಎಂದು ಗೊತ್ತುಮಾಡುವವನು ನಾನೇ. ಆಲೂರಿನಿಂದ ಎರಡನೇ ರೈಟರಾಗಿ ಬಂದ ಶಿವಣ್ಣನಿಗೂ ಆಫೀಸಿನಲ್ಲಿ ಜಾಗ ತೋರಿಸಿದ್ದು ನಾನೇ: ಬಾಗಿಲ ಹಿಂದೆ, ಗಾಳಿ ಚೆನ್ನಾಗಿ ಬರುತ್ತದೆ ಎಂದು. ಕಿಟಕಿಯ ಪಕ್ಕ ಮೊದಲಿನಿಂದಲೂ ನನ್ನದು. ಸಾಲದ್ದಕ್ಕೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವನು. ಹೀಗಾಗಿ ಬಂಗಲೆಗೆ ಜನರೇಟರ್ ಬಂದ ವರ್ಷ ಎಸ್ಟೇಟಿನ ಯಜಮಾನರಾದ ನಮ್ಮ ಗೌಡರು ಹಜಾರದಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಿಸಿ, "ರೈಟ್ರೇ, ಯಾವ್ಯಾವ ಮೀನು ಬಿಡ್ಬೇಕು ಅಂತ ನೀವೇ ನೋಡ್ಕಳಿ. ಓದಿದ್ದು ಒಂದ್ಸಲನಾದ್ರೂ ಉಪಯೋಗಕ್ಕೆ ಬರ್ಲಿ" ಎಂದರು. ಕಾಲೇಜಿನಲ್ಲಿ ನಾನು ಕಂಡ ಸಮುದ್ರದ ಮೀನುಗಳೆಲ್ಲ ಫಾರ್ಮಲಿನ್ ಬಾಟಲಿಯೊಳಗಿದ್ದವು. ಅವು ಯಾವತ್ತೂ ಜಗಳವಾಡಿದ್ದಿಲ್ಲ. ಅದನ್ನು ಗೌಡರಿಗೆ ಹೇಳಲಿಲ್ಲ.

ಪುಸ್ತಕ ತರಿಸಿ ಓದಿದೆ. ದೊಡ್ಡ ಬಾಯಿಯ ಮೀನು ಬೇಡ, ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುತ್ತದೆ. ಮುಳ್ಳಿನಲ್ಲಿ ವಿಷವಿರುವುದೂ ಬೇಡ, ನೀರಿಗೆ ಕೈ ಹಾಕುವವನು ನಾನು. ಮೊದಲಿಗೆ ಹೆಬ್ಬೆರಳಿನಷ್ಟುದ್ದದ ಒಂದು ನೀಲಿ ಮೀನು ತರಿಸಿದೆ. ಗಟ್ಟಿ ಜೀವ, ಹೊಸ ನೀರಿಗೆ ಅಂಜುವುದಿಲ್ಲ. ಎರಡು ತಿಂಗಳ ಮೇಲೆ ಗೌಡರು ಮಂಗಳೂರಿನಿಂದ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದರು. ಘಾಟಿಯುದ್ದಕ್ಕೂ ಚೀಲ ಅವರ ತೊಡೆಯ ಮೇಲೇ ಇತ್ತಂತೆ. "ಜೋಪಾನ ಮಾರಾಯ್ರೇ, ಮೊಮ್ಮಗಳಿಗೆ ತೋರಿಸ್ತೀನಿ ಅಂತ ಮಾತು ಕೊಟ್ಟಿದೀನಿ" ಎಂದು ಚೀಲವನ್ನು ನನಗೊಪ್ಪಿಸಿ, ಅವಳನ್ನು ಕರೆತರಲು ಹಾಸನಕ್ಕೆ ಹೊರಟರು.

ಸ್ವಲ್ಪ ಹೊತ್ತು ಚೀಲವನ್ನು ನೀರಿನಲ್ಲಿ ತೇಲಿಬಿಟ್ಟು, ಆಮೇಲೆ ಜೋಡಿಯನ್ನು ಬಿಟ್ಟೆ. ಮುಂದೆ ನಡೆದದ್ದು ಈಗಲೂ ಊಟಕ್ಕೆ ಕೂತಾಗ ಕಣ್ಣಿಗೆ ಕಟ್ಟುತ್ತದೆ. ಕಲ್ಲಿನ ಸಂದಿಯಿಂದ ನೀಲಿ ಮೀನು ಬಾಣದ ಹಾಗೆ ನುಗ್ಗಿತು. ಒಂದರ ಬಾಲದ ಅಂಚು ಹರಿಯಿತು. ಎರಡೂ ಮೂಲೆಗೆ ಒತ್ತಿಕೊಂಡು ನಿಂತವು. ಬಲೆ ಹಾಕಿದರೆ ನೀಲಿ ಮೀನು ಕಲ್ಲಿನ ಸಂದಿಯೊಳಗೆ, ತೆಗೆದರೆ ಮತ್ತೆ ಹೊರಗೆ. ಪದವೀಧರನಾದ ನಾನು ಗಾಜು ತಟ್ಟುತ್ತಾ, "ಬ್ಯಾಡ ಕಣಯ್ಯ, ಬ್ಯಾಡ" ಎಂದು ಮೀನಿಗೆ ಬುದ್ಧಿ ಹೇಳುತ್ತಿದ್ದೆ.

ಬಂಗಲೆಯಲ್ಲಿ ಅಡುಗೆ ಮಾಡುವ ದೇವಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು.

"ಮೊದ್ಲು ಬಂದೋನು ಯಾರು ರೈಟ್ರೇ?"

"ನೀಲಿ."

"ಮತ್ತೆ? ಮನೆ ಪೂರಾ ನಂದೇ ಅಂದ್ಕಂಡವ್ನೆ. ಬೆಳಗೋಡು ಕಡೆಯೋರು ಲೈನಿಗೆ ಬಂದಾಗ ಪಕ್ಕದೋರು ನಲ್ಲಿ ಮುಟ್ಟಾಕೂ ಬಿಡ್ನಿಲ್ಲ. ಆವಾಗ ನೀವೇನ್ ಮಾಡಿದ್ರಿ?"

"ಸುಣ್ಣ ಹೊಡೆಸ್ದೆ."

"ಇಲ್ಲೂ ಹೊಡೆಸಿ."

ಇದು ನಮ್ಮ ಎಸ್ಟೇಟಿನ ಹಳೆಯ ಪದ್ಧತಿ. ಲೈನಿನಲ್ಲಿ ಜಗಳ ಹೆಚ್ಚಾದರೆ ಸುಣ್ಣದ ನೆಪದಲ್ಲಿ ಎಲ್ಲರ ಪಾತ್ರೆಪಗಡಿಯನ್ನೂ ಅಂಗಳಕ್ಕೆ ತೆಗೆಸುತ್ತೇವೆ. ಒಳಗೆ ಹೋಗುವಾಗ ಎಲ್ಲರಿಗೂ ಬೇರೆ ಬೇರೆ ಮನೆ. ಆಗ ಎಲ್ಲರೂ ಹೊಸಬರೇ. ನನ್ನ ಜಾಗ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ತೋಳು ಮಡಚಿ ಕಲ್ಲುಗಳನ್ನೆಲ್ಲ ಹೊರತೆಗೆದು ಉಪ್ಪುನೀರಿನ ಬಕೆಟಿಗೆ ಹಾಕಿದೆ. ನೀಲಿಯನ್ನು ಆಗಲೇ ಹಿಡಿದುಬಿಡಬಹುದಿತ್ತು. ಆದರೆ ಈ ಗುಡ್ಡದಲ್ಲಿ ಅದಕ್ಕೆ ಇನ್ನೆಲ್ಲಿ ಸಮುದ್ರ ಸಿಗಬೇಕು? ಕಲ್ಲುಗಳನ್ನು ಬೇರೆಯೇ ರೀತಿ ಜೋಡಿಸಿ ದೀಪ ಆರಿಸಿದೆ. ನೀಲಿ ಮೀನು ವಿಳಾಸ ಕಳೆದುಕೊಂಡವರಂತೆ ಸಂದಿ ಸಂದಿ ಇಣುಕಿತು. ಸಂಜೆ ಗೌಡರ ಮೊಮ್ಮಗಳು ಬಂದು ಗಾಜಿಗೆ ಮೂಗು ಒತ್ತಿ ಕೂತಾಗ ಮೂರೂ ತಮ್ಮತಮ್ಮ ಪಾಡಿಗೆ ಈಜುತ್ತಿದ್ದವು. ಹರಿದ ಬಾಲವೂ ಕೆಲವು ವಾರಗಳಲ್ಲಿ ಕೂಡಿಕೊಂಡಿತು.

ಆ ಸಂಜೆ ಗೌಡರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ದೇವಕ್ಕನ ಪಾಲನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿ ಹೇಳಿದೆ. ಅವರು ಗಮನವಿಟ್ಟು ಕೇಳಿ, "ಒಳ್ಳೆ ಉಪಾಯ ಕಣ್ರೀ" ಎಂದರು.

ಸೋಮವಾರ ಆಫೀಸಿಗೆ ಹೋದರೆ ನನ್ನ ಮೇಜು, ಶಿವಣ್ಣನ ಮೇಜು, ಬೀರು, ಹಾಜರಿ ಪುಸ್ತಕ ಎಲ್ಲ ಅಂಗಳದಲ್ಲಿದ್ದವು. ಒಳಗೆ ಇಬ್ಬರು ಸುಣ್ಣ ಹೊಡೆಯುತ್ತಿದ್ದರು. ಗೋಡೆಗಳಿಗೆ ಸುಣ್ಣ ಹೊಡೆದು ಇನ್ನೂ ಆರು ತಿಂಗಳಾಗಿರಲಿಲ್ಲ.

ಈಗ ಕಿಟಕಿಯ ಪಕ್ಕದಲ್ಲಿ ಶಿವಣ್ಣ ಕೂರುತ್ತಾರೆ. ನಾನು ಬಾಗಿಲ ಹಿಂದೆ. ಗಾಳಿ ನಿಜವಾಗಿಯೂ ಚೆನ್ನಾಗಿಯೇ ಬರುತ್ತದೆ.