ಒತ್ತಡಕ್ಕೆ ಐದು ಮೀನು

ರಕ್ತದೊತ್ತಡ ಇಳಿಯಲಿ ಎಂದು ಮನೆಗೆ ತಂದ ಐದು ಮೀನುಗಳು ಮೂರನೆಯ ದಿನ ಬೆಳಿಗ್ಗೆ ಸರಿಯಾಗಿ ಕಾಣಿಸಲೇ ಇಲ್ಲ. ಗಾಜಿನ ತೊಟ್ಟಿಯ ನೀರು ಹಾಲಿನ ಪಾತ್ರೆ ತೊಳೆದ ನೀರಿನಂತಾಗಿತ್ತು.

ಮನೆಯ ಯಜಮಾನ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ತಪ್ಪು ಹುಡುಕದೆ ಯಾವುದನ್ನೂ ನೋಡಲು ಅವನ ಕಣ್ಣಿಗೆ ಬಾರದು. ಹೀಗಾಗಿ ಕಟ್ಟಡದವರೆಲ್ಲ ಅವನಿಗಿಟ್ಟ ಹೆಸರು ‘ತಿದ್ದುಪಡಿ’. ಹೋದ ವಾರ ಡಾಕ್ಟರು ಅವನ ತೋಳಿಗೆ ಪಟ್ಟಿ ಸುತ್ತಿ ನೋಡಿ, "ಮೀನು ಸಾಕಿ, ಅದರ ಮುಂದೆ ಸುಮ್ನೆ ಕೂತ್ಕೊಳ್ಳಿ. ಭಾನುವಾರ ಸಂಜೆ ಬನ್ನಿ. ಇಳಿದಿಲ್ಲ ಅಂದ್ರೆ ಮಾತ್ರೆ. ಶುರುಮಾಡಿದ್ರೆ ಬಿಡೋ ಹಾಗಿಲ್ಲ" ಎಂದಿದ್ದರು. ಮಾತ್ರೆ ಎಂದರೆ ತಿದ್ದುಪಡಿಗೆ ಪ್ರಾಣಸಂಕಟ. ಬಾಳೆಹಣ್ಣಿನಲ್ಲಿ ಅಡಗಿಸಿ ಕೊಟ್ಟರೂ ಅವನ ಗಂಟಲು ಹಣ್ಣನ್ನು ಒಳಗೆ ಬಿಟ್ಟುಕೊಂಡು ಮಾತ್ರೆಯನ್ನು ಬಾಗಿಲಲ್ಲೇ ನಿಲ್ಲಿಸುತ್ತಿತ್ತು. ಆ ಭಾನುವಾರ ಇವತ್ತೇ.

ಮೀನಿನಂಗಡಿಯವನಿಗೆ ಫೋನು ಮಾಡಿದ. "ಹೊಸ ತೊಟ್ಟಿ ಸಾರ್, ಹಾಗೇ ಆಗುತ್ತೆ. ಸ್ವಲ್ಪ ನೀರು ಬದಲಾಯಿಸಿ, ಊಟ ಕಡಿಮೆ ಹಾಕಿ, ಆಮೇಲೆ ಕೈ ಹಾಕದೆ ಬಿಟ್ಬಿಡಿ" ಎಂದು ಅವನು ಆಕಳಿಸುತ್ತ ಹೇಳಿದ.

ಬಿಟ್ಟುಬಿಡುವುದು ತಿದ್ದುಪಡಿಯ ಜಾತಕದಲ್ಲೇ ಇರಲಿಲ್ಲ. ಸಾಲದ್ದಕ್ಕೆ ಬಾಗಿಲು ತೆರೆದಿತ್ತು. ಮೇಲ್ಮನೆಯ ನಿವೃತ್ತ ಬಸ್ ಕಂಡಕ್ಟರು ಒಳಗೆ ಬಂದು, ಸೋಫಾದ ನಟ್ಟನಡುವೆ ಕೂತರು.

"ಉಸಿರು ಕಟ್ಟಿದೆ ಕಣೋ ಅವಕ್ಕೆ. ಬಸ್ಸಲ್ಲಿ ಜನ ತುಂಬಿದಾಗ ನಾವು ಏನು ಮಾಡ್ತಿದ್ವಿ? ಕಿಟಕಿ ತೆಗೀತಿದ್ವಿ."

"ತೊಟ್ಟಿಗೆ ಕಿಟಕಿ ಎಲ್ಲಿದೆ, ಮಾವ?"

"ಗಾಳಿ ಜಾಸ್ತಿ ಬಿಡು ಅಂದೆ."

ತಿದ್ದುಪಡಿ ಗಾಳಿ ಪಂಪಿನ ಗುಂಡಿಯನ್ನು ಪೂರ್ತಿ ತಿರುಗಿಸಿದ. ನೀರು ಕೊತಕೊತ ಎಂದಿತು. ನಾಲ್ಕು ಕೆಂಪು ಮೀನುಗಳು ಆಟದ ಮೈದಾನದ ತಿರುಗುಯ್ಯಾಲೆಯಲ್ಲಿ ಕೂತವರಂತೆ ಸುತ್ತು ಹೊಡೆದವು. ಐದನೆಯದು, ಕಪ್ಪು ಮೀನು, ಮರಳಿಗೆ ಹೊಟ್ಟೆ ಒತ್ತಿ ಅಲ್ಲಾಡದೆ ಮಲಗಿತು. ಅವನು ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ.

ಅಷ್ಟರಲ್ಲಿ ಎದುರುಮನೆ ಟೀಚರು ಬಂದು ಕಂಡಕ್ಟರ ಪಕ್ಕ ಕೂತರು. "ಪಾಪ, ಬಾಯಿ ಹೇಗೆ ತೆರೀತಿವೆ ನೋಡಿ. ಬೆಳಿಗ್ಗೆ ಏನು ಕೊಟ್ರಿ ಅವಕ್ಕೆ?"

"ಏನೂ ಇಲ್ಲ ಮೇಡಂ. ಅಂಗಡಿಯವನು..."

ಮಾತು ಮುಗಿಯುವ ಮೊದಲೇ ಟೀಚರು ಕೈಗೆ ಸಿಕ್ಕ ಆಹಾರದ ಡಬ್ಬಿಯನ್ನು ತೊಟ್ಟಿಯ ಮೇಲೆ ಮೂರು ಸಲ ಕೊಡವಿಬಿಟ್ಟರು. ತಿದ್ದುಪಡಿ ಅಡುಗೆಮನೆಗೆ ಓಡಿ ಟೀ ಸೋಸುವ ಜರಡಿ ತಂದು, ತೇಲುತ್ತಿದ್ದ ಕಾಳುಗಳನ್ನು ಒಂದೊಂದಾಗಿ ಎತ್ತತೊಡಗಿದ.

"ಡಾಕ್ಟರು ಏನಂದ್ರು? ಸುಮ್ನೆ ಕೂತ್ಕೊಳ್ಳಿ ಅಂದ್ರು," ಎಂದಳು ಹೆಂಡತಿ. "ನೀವು ನೋಡಿದ್ರೆ ನನ್ನ ಜರಡಿ ಹಿಡ್ಕೊಂಡು ಕುಣೀತಿದೀರಿ. ಈಗ ಇವರಿಗೆಲ್ಲ ಟೀ ಯಾವುದರಲ್ಲಿ ಸೋಸಲಿ?"

"ಸೋಸೋದು ಬೇಡಮ್ಮ, ಹಾಗೇ ಕೊಡು," ಎಂದರು ಕಂಡಕ್ಟರು, ಮೀನಿನಿಂದ ಕಣ್ಣು ತೆಗೆಯದೆ.

ನೀರು ಬದಲಾಯಿಸುವುದು ಬಾಕಿಯಿತ್ತು. ರಬ್ಬರ್ ಕೊಳವೆಯ ಒಂದು ತುದಿಯನ್ನು ತೊಟ್ಟಿಯಲ್ಲಿಟ್ಟು ಇನ್ನೊಂದು ತುದಿಯಿಂದ ಅವನು ಜೋರಾಗಿ ಉಸಿರೆಳೆದ. ಬಾಯಿ ತುಂಬ ಮೀನಿನ ನೀರು. ಕೊಳವೆಯ ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟು, ಬಾಯಲ್ಲಿದ್ದುದನ್ನು ಉಗಿಯಲು ಬಚ್ಚಲಿಗೆ ಓಡಿ ವಾಪಸು ಬರುವಷ್ಟರಲ್ಲಿ ಕೊಳವೆ ಬಕೆಟ್ಟಿನಿಂದ ಜಾರಿ ನೀರು ನೆಲದ ಮೇಲೆ ಹರಿಯುತ್ತಿತ್ತು. ಕಂಡಕ್ಟರೂ ಟೀಚರೂ ಕಾಲುಗಳನ್ನು ಸೋಫಾದ ಮೇಲಕ್ಕೆ ಎತ್ತಿಕೊಂಡು ನೋಡುವುದನ್ನು ಮುಂದುವರಿಸಿದರು. ತಿದ್ದುಪಡಿ ಮಂಡಿಯೂರಿ ನೆಲ ಒರೆಸಿದ.

ಮಧ್ಯಾಹ್ನದ ಹೊತ್ತಿಗೆ ಕಪ್ಪು ಮೀನಿನ ಚಿಂತೆ ಹತ್ತಿತು. ಅದು ಮಲಗಿದಲ್ಲೇ ಇತ್ತು. ಅವನು ಗಾಜಿಗೆ ಮೂಗು ತಾಗಿಸಿ ಎಷ್ಟೋ ಹೊತ್ತು ನೋಡಿದ. ಸತ್ತಿತೆಂದು ಖಾತ್ರಿಯಾಗಿ ಅವನ ಕಣ್ಣು ನಿಜಕ್ಕೂ ಒದ್ದೆಯಾಯಿತು. ಜರಡಿ ಇಳಿಸಿದ ಕೂಡಲೇ ಅದು ಇನ್ನೊಂದು ಮೂಲೆಗೆ ಸರಿದು, ಅಲ್ಲೂ ಹಾಗೇ ಮಲಗಿತು. ಅಂಗಡಿಯವನಿಗೆ ಮತ್ತೆ ಫೋನು.

"ತಳದಲ್ಲಿ ಮಲಗೋ ಜಾತಿನೇ ಸಾರ್ ಅದು. ಭಾನುವಾರ ಅಲ್ವಾ, ನಾನೂ ಮಲಗಿದ್ದೆ."

ಸಂಜೆಯಾಗುತ್ತಿದ್ದಂತೆ ನೀರು ತುಸು ತಿಳಿಯಾಯಿತು. ಐದು ಮೀನುಗಳೂ ಬದುಕಿದ್ದವು. ತಿದ್ದುಪಡಿಗೆ ತಾನೇ ಹೆತ್ತು ಸಾಕಿದಷ್ಟು ಹೆಮ್ಮೆಯಾಯಿತು. ಇಷ್ಟು ಸಂತೋಷವಿರುವಾಗ ಒತ್ತಡ ಎಲ್ಲಿ ಉಳಿದೀತು ಎಂದುಕೊಂಡು, ತಲೆ ಬಾಚಿ ಕ್ಲಿನಿಕ್ಕಿಗೆ ಹೊರಟ. "ನಮ್ದೂ ತೋರಿಸ್ಬೇಕಿತ್ತು" ಎಂದು ಕಂಡಕ್ಟರೂ ಟೀಚರೂ ಹಿಂದೆಯೇ ಬಂದರು.

ಡಾಕ್ಟರು ಮೊದಲು ಕಂಡಕ್ಟರ ತೋಳಿಗೆ ಪಟ್ಟಿ ಸುತ್ತಿದರು. ನಂಬಿಕೆಯಾಗದೆ ಇನ್ನೊಂದು ತೋಳಿಗೂ ಸುತ್ತಿದರು. "ಇಷ್ಟು ವರ್ಷದಲ್ಲಿ ನಿಮ್ದು ಇಷ್ಟು ಇಳಿದಿದ್ದೇ ಇಲ್ಲ. ಏನು ಮಾಡಿದ್ರಿ?"

"ಏನಿಲ್ಲ. ಬೆಳಿಗ್ಗೆಯಿಂದ ಇವನ ಮನೇಲಿ ಮೀನು ನೋಡ್ತಾ ಕೂತಿದ್ದೆ."

ಟೀಚರದೂ ಇಳಿದಿತ್ತು. ತಿದ್ದುಪಡಿ ಹಿಗ್ಗಿ ತೋಳು ಚಾಚಿದ. ಡಾಕ್ಟರ ಹುಬ್ಬು ಮೇಲೇರಿತು.

"ಹೋದ ವಾರಕ್ಕಿಂತ ಜಾಸ್ತಿ ಇದೆಯಲ್ರೀ. ಅದೇ ಮೀನಿನ ಮುಂದೆ ನೀವೂ ಕೂತಿದ್ರಿ ತಾನೇ?"

"ಕೂರೋಕೆ ಜಾಗ ಎಲ್ಲಿತ್ತು ಸಾರ್?"

ಡಾಕ್ಟರು ಮಾತ್ರೆ ಬರೆದರು. ಬರೆದು ಮುಗಿಸಿದ ಮೇಲೆ ಪೆನ್ನು ಕೆಳಗಿಡದೆ ಸ್ವಲ್ಪ ಸಂಕೋಚದಿಂದ ಕೇಳಿದರು: "ನಾನೂ ಒಂದ್ಸಲ ಬಂದು ನೋಡಬಹುದಾ? ಎಲ್ಲರಿಗೂ ಹೇಳ್ತೀನಿ, ನಾನು ಯಾವತ್ತೂ ಮಾಡಿ ನೋಡಿಲ್ಲ. ನಂದೂ ಜಾಸ್ತಿ ಇದೆ."

ಕ್ಲಿನಿಕ್ಕು ಮುಚ್ಚಿ ನಾಲ್ವರೂ ಬಂದರು. ಕಂಡಕ್ಟರು ಎಡಕ್ಕೆ ಸರಿದರು, ಟೀಚರು ಬಲಕ್ಕೆ ಸರಿದರು, ನಡುವೆ ಡಾಕ್ಟರು ಕೂತರು. ತಿದ್ದುಪಡಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. ಮನೆಯಲ್ಲಿ ಗುಳ್ಳೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಡಾಕ್ಟರ ಹೆಗಲು ನಿಧಾನವಾಗಿ ಇಳಿಯಿತು, ಮುಖ ಮಗುವಿನದಾಯಿತು. ಅದನ್ನು ನೋಡಿ ತಿದ್ದುಪಡಿಗೂ ಒಳಗೊಳಗೇ ಹಿತವೆನಿಸಿತು. ಪರವಾಗಿಲ್ಲ, ನಾಲ್ಕು ಜನಕ್ಕೆ ಒಳ್ಳೆಯದಾಯಿತಲ್ಲ ಎಂದುಕೊಂಡ.

ಡಾಕ್ಟರು ಎದ್ದು ಅವನ ಎರಡೂ ಕೈ ಹಿಡಿದುಕೊಂಡರು.

"ನಾಳೆಯಿಂದ ನನ್ನ ಪೇಷಂಟುಗಳನ್ನೆಲ್ಲ ಇಲ್ಲಿಗೇ ಕಳಿಸ್ತೀನಿ. ಮೀನು ಜೋಪಾನ ಕಣ್ರೀ. ಒಂದು ಸತ್ರೂ ಎಷ್ಟು ಜನರ ಜೀವಕ್ಕೆ ಕಷ್ಟ, ಯೋಚನೆ ಮಾಡಿ."

ತಿದ್ದುಪಡಿಯ ಕಿವಿಯ ಹಿಂದೆ ನರವೊಂದು ಪಟಪಟ ಹೊಡೆದುಕೊಳ್ಳತೊಡಗಿತು. ಅವನು ಅಂಗಿಯ ಜೇಬಿನಿಂದ ಚೀಟಿ ತೆಗೆದು ಡಾಕ್ಟರ ಮುಂದೆ ಹಿಡಿದ.

"ದಿನಕ್ಕೆ ಒಂದೇ ಮಾತ್ರೆ ಸಾಕಾ, ಸಾರ್?"