ಟೆಂಟಿಗೆ ನೆರಳು, ಅವ್ವನಿಗೆ ಬಿಸಿಲು

ಒಬ್ಬೊಬ್ಬರಿಗೆ ಒಂದೊಂದು ವಿಷಯದಲ್ಲಿ ಜಂಬ ಇರುತ್ತದೆ. ಕೆಲವರಿಗೆ ತಮ್ಮ ಮೀಸೆಯ ಬಗ್ಗೆ, ಕೆಲವರಿಗೆ ತಮ್ಮ ಹೊಲದ ಕಬ್ಬಿನ ಬಗ್ಗೆ, ನಮ್ಮ ಪಕ್ಕದ ಮನೆಯವರಿಗೆ ತಮ್ಮ ಅಳಿಯನ ಬಗ್ಗೆ. ನನಗೆ ಮೀಸೆ ಸರಿಯಾಗಿ ಬೆಳೆಯಲಿಲ್ಲ, ನಮ್ಮೂರು ಬೇಡಕಿಹಾಳದ ಕಬ್ಬನ್ನು ತಮ್ಮ ನೋಡಿಕೊಳ್ಳುತ್ತಾನೆ, ಅಳಿಯ ಬರುವುದಕ್ಕೆ ಇನ್ನೂ ಬಹಳ ವರ್ಷಗಳಿವೆ. ಹಾಗಾಗಿ ನನ್ನ ಪಾಲಿಗೆ ಉಳಿದ ಜಂಬ ಒಂದೇ: ಜಾಗ ಆರಿಸುವುದು. ಮದುವೆ ಊಟದಲ್ಲಿ ಬಡಿಸುವವರು ಮೊದಲು ಬರುವ ಸಾಲು ಯಾವುದು, ಸಭೆಯಲ್ಲಿ ಫ್ಯಾನಿನ ಗಾಳಿ ನೇರವಾಗಿ ಬೀಳುವ ಕುರ್ಚಿ ಯಾವುದು ಎಂದು ನಾನು ಒಳಗೆ ಕಾಲಿಟ್ಟ ಕೂಡಲೇ ಹೇಳಬಲ್ಲೆ. ಬಸ್ಸಿನ ವಿಷಯದಲ್ಲಂತೂ ನಾನು ಪಂಡಿತ. ಚಿಕ್ಕೋಡಿಯಿಂದ ಬೆಳಿಗ್ಗೆ ಅಥಣಿಗೆ ಹೋಗುವಾಗ ಎಡಗಡೆ ಕೂರಬೇಕು, ಬಿಸಿಲು ಬೀಳುವುದಿಲ್ಲ. ಸಂಜೆ ವಾಪಸ್ ಬರುವಾಗಲೂ ಎಡಗಡೆಯೇ. ಇದನ್ನು ಹೇಳಿದರೆ ಜನ ನಂಬುವುದಿಲ್ಲ, ಬಲಗಡೆ ಕೂತು ಬೆವರಿ ಆಮೇಲೆ ನಂಬುತ್ತಾರೆ.

ಚಿಕ್ಕೋಡಿಯ ಕೋರ್ಟಿನಲ್ಲಿ ನಾನು ಗುಮಾಸ್ತ. ಸಾಕ್ಷಿಗಳು ಬಂದು ಪ್ರಮಾಣ ಮಾಡಿ, ಕಂಡದ್ದನ್ನೂ ಕಾಣದ್ದನ್ನೂ ಹೇಳಿ ಹೋಗುವುದನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಯಾರಾದರೂ ತಡವರಿಸಿದರೆ ‘ಇವನೇನು ಕಣ್ಣು ಮುಚ್ಚಿಕೊಂಡಿದ್ದನೋ!’ ಎಂದು ಮನಸ್ಸಿನಲ್ಲೇ ನಗುವುದು ನನ್ನ ಅಭ್ಯಾಸವಾಗಿತ್ತು. ಆಗಿತ್ತು ಎಂದದ್ದು ಬೇಕೆಂದೇ. ಈಗ ನಗುವುದಿಲ್ಲ, ಕಾರಣ ಕೇಳಿ.

ಈ ಸಲದ ಮೇ ರಜೆಯಲ್ಲಿ ನಮ್ಮ ಮಗಳು ತ್ರಿಶಲಾ ಪಟ್ಟು ಹಿಡಿದಳು. ಗಡಿಯಾಚೆ, ಕೊಲ್ಲಾಪುರ ದಾಟಿ ಗುಡ್ಡಗಳ ನಡುವೆ ಒಂದು ದೊಡ್ಡ ಆಟದ ಪಾರ್ಕ್ ಆಗಿದೆಯಂತೆ. ಹಗಲೆಲ್ಲ ಆಡಿ, ರಾತ್ರಿ ಅಲ್ಲೇ ಟೆಂಟಿನಲ್ಲಿ ಮಲಗಬಹುದಂತೆ. ಟೆಂಟು ಅವರದೇ, ಆದರೆ ಎಲ್ಲಿ ಹಾಕಬೇಕೆಂದು ನಾವೇ ಮೊಬೈಲಿನಲ್ಲಿ ನಕಾಶೆ ನೋಡಿ ಆರಿಸಬೇಕಂತೆ. ಜಾಗ ಆರಿಸಬೇಕು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಬೇರೇನೂ ಕೇಳದೆ ಒಪ್ಪಿಬಿಟ್ಟೆ.

ನಕಾಶೆಯಲ್ಲಿ ಮೂರು ಜಾಗಗಳಿದ್ದವು: ಒಂದು ದಿಬ್ಬದ ಮೇಲೆ, ಒಂದು ಕೆರೆಯ ಪಕ್ಕ, ಒಂದು ಗುಡ್ಡದ ಬುಡದಲ್ಲಿ ದೊಡ್ಡ ಮರಗಳ ಕೆಳಗೆ. ಅಂದಿನಿಂದ ಎರಡು ವಾರ ನಮ್ಮ ಮನೆಯೂ ಕೋರ್ಟಾಯಿತು.

“ಪಪ್ಪಾ, ದಿಬ್ಬದ ಮ್ಯಾಲ! ಟೆಂಟಿಂದ ಹೊರಗ ಬಂದ್ರ ಎದುರಿಗೇ ಜಾಯಿಂಟ್ ವ್ಹೀಲ್!” ಎಂದು ತ್ರಿಶಲಾ ಕುಣಿದಳು.

“ಕೆರಿ ಕಡೆ ನಳಾ ಸಮೀಪ ಐತ್ರಿ. ಆದ್ರ ಸೊಳ್ಳಿ ಭಾಳ ಇರ್ತಾವ. ಆದ್ರೂ ನಳಾ ಸಮೀಪ ಐತಿ,” ಎಂದು ನನ್ನ ಹೆಂಡತಿ ಪದ್ಮಾ ಎರಡೂ ಕಡೆಯ ವಕಾಲತ್ತು ತಾನೇ ವಹಿಸಿಕೊಂಡಳು.

ಎಪ್ಪತ್ತು ದಾಟಿದ ನಮ್ಮ ಅವ್ವನದು ಒಂದೇ ಬೇಡಿಕೆ. “ಎಲ್ಲೆರ ಹಾಕ್ರಿ. ಹೊತ್ತು ಮುಳಗೂದ್ರಾಗ ನಂದೊಂದು ಊಟ ಮುಗಸ್ರಿ, ಸಾಕು.”

ಜೈನರ ಮನೆಗಳಲ್ಲಿ ಇದು ಹೊಸ ಮಾತಲ್ಲ. ಹೊತ್ತು ಮುಳುಗಿದ ಮೇಲೆ ಅವ್ವ ಅನ್ನ ಮುಟ್ಟುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಮರುದಿನ ಸೂರ್ಯ ಹುಟ್ಟುವವರೆಗೆ ಉಪವಾಸ. ನಾನು ಕಣ್ಣು ಬಿಟ್ಟಾಗಿನಿಂದ ಈ ನೇಮ ಒಂದು ದಿನವೂ ತಪ್ಪಿದ್ದಿಲ್ಲ. ಕತ್ತಲಾದ ಮೇಲೆ ಬಸ್ ಸ್ಟ್ಯಾಂಡ್ ಪಕ್ಕದ ಗಾಡಿಯಲ್ಲಿ ಮಿರ್ಚಿ ಭಜಿ ತಿನ್ನುವ ಮಗ ಅವಳ ಹೊಟ್ಟೆಯಲ್ಲಿ ಹೇಗೆ ಹುಟ್ಟಿದನೋ, ಅದು ಬೇರೆ ಮಾತು.

ಕೊನೆಗೆ ತೀರ್ಪು ಕೊಟ್ಟವನು ನಾನು: ಗುಡ್ಡದ ಬುಡ. “ಮೇ ತಿಂಗಳ ಬಿಸಲು. ಗುಡ್ಡ ಪಶ್ಚಿಮಕ್ಕೈತಿ. ಮಧ್ಯಾಹ್ನ ಇಳದ ಕೂಡ್ಲೆ ನೆರಳು ಬರ್ತೈತಿ. ಟೆಂಟು ತಂಪ ಇರ್ತೈತಿ,” ಎಂದು ಗತ್ತಿನಿಂದ ವಿವರಿಸಿದೆ. ಎಲ್ಲರೂ ತಲೆದೂಗಿದರು. ಈಗ ಓದುಗರಿಗೆ ಮಾತ್ರ ನಿಜ ಹೇಳುತ್ತೇನೆ. ನೆರಳಿನ ಮಾತು ಸುಳ್ಳಲ್ಲ, ಆದರೆ ಆ ಜಾಗದಿಂದ ಜಾಯಿಂಟ್ ವ್ಹೀಲ್ ಬಹಳ ದೂರವಿತ್ತು. ಮದುವೆಯಾದ ಹೊಸದರಲ್ಲಿ ಕೊಲ್ಲಾಪುರದ ಒಂದು ಪ್ರದರ್ಶನದಲ್ಲಿ ಪದ್ಮಾಳನ್ನು ಮೆಚ್ಚಿಸಲು ಅಂಥದೊಂದರಲ್ಲಿ ಕೂತಿದ್ದೆ. ಅದು ಮೇಲೇರಿದಾಗ ನಾನು ಗಟ್ಟಿಯಾಗಿ ಹಿಡಿದುಕೊಂಡದ್ದು ಹೆಂಡತಿಯ ಕೈ ಅಲ್ಲ, ಇನ್ನೊಂದು ಪಕ್ಕದಲ್ಲಿದ್ದ ಅಪರಿಚಿತ ಗಂಡಸಿನ ಕೈ. ಅವರು ಪಾಪ ಒಳ್ಳೆಯವರು, ಕೆಳಗಿಳಿದ ಮೇಲೂ ಸ್ವಲ್ಪ ಹೊತ್ತು ಕೈ ಬಿಡಿಸಿಕೊಳ್ಳಲಿಲ್ಲ. ಅಲ್ಲಿಯ ಖಾರದ ಉಸಳಿ, ಮಿಸಳ ತಿಂದು ಹೊಟ್ಟೆ ಕೆಟ್ಟಿದೆ ಎಂದು ಪದ್ಮಾಳಿಗೆ ಹೇಳಿದ್ದೆ. ಅವಳು ಇವತ್ತಿಗೂ ನನಗೆ ಮಿಸಳ ಕೊಡುವುದಿಲ್ಲ.

ಹೊರಟ ದಿನದ ಸಡಗರ ಏನು ಹೇಳಲಿ! ಅವ್ವ ಹಿಂದಿನ ದಿನವೇ ಶೇಂಗಾ ಹೋಳಿಗೆ ಮಾಡಿಸಿ ಡಬ್ಬಿ ತುಂಬಿಸಿದ್ದಳು, ಕಡಕ್ ರೊಟ್ಟಿಯ ಗಂಟು ಬೇರೆ, ಸೋಸಿದ ನೀರಿನ ಬಾಟಲಿ ಬೇರೆ. ಪಾರ್ಕ್ ಮುಟ್ಟಿದಾಗ ಬೆಳಗಿನ ಹತ್ತು ಗಂಟೆ. ಬಾಗಿಲಲ್ಲೇ ಎರಡು ರೊಟ್ಟಿ ತಿಂದು ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡವಳು, ಮತ್ತೆ ನಿಂತದ್ದೇ ಇಲ್ಲ. ಪುಟ್ಟ ರೈಲಿನಲ್ಲಿ ಕೂತಳು. ಗಾಜಿನ ಮನೆಯಲ್ಲಿ ತನ್ನ ಹತ್ತು ರೂಪಗಳನ್ನು ಕಂಡು, “ಒಬ್ಬಾಕಿಗೇ ನಿಮಗ ಸಾಕಾಗೇತಿ, ಈಗ ಏನ್ ಮಾಡ್ತೀರಿ?” ಎಂದು ಪದ್ಮಾಳನ್ನು ಕೇಳಿದಳು. ದೋಣಿಯಲ್ಲಿ ಮೊಮ್ಮಗಳಿಗಿಂತ ಜೋರಾಗಿ ಕೂಗಿದಳು. “ಊಟಾ ಮಾಡವ್ವಾ,” ಎಂದರೆ, “ಹೊತ್ತ ಐತಿ ತಗೋ, ಸಂಜಿಕೆ ಟೆಂಟಿಗೆ ಹೋಗಿ ಸಾವಕಾಶ ಉಣ್ತೀನಿ,” ಎಂದಳು. ಕ್ಯಾಲೆಂಡರಿನಲ್ಲಿ ಸೂರ್ಯ ಮುಳುಗುವುದು ಏಳು ಗಂಟೆಯ ಆಸುಪಾಸು. ನಾವು ಐದೂವರೆಗೇ ಟೆಂಟಿಗೆ ಹೊರಟೆವು.

ಬೇಡಕಿಹಾಳದ ನಮ್ಮ ಹೊಲ ಅಂಗೈಯಷ್ಟು ಸಪಾಟು. ಅಲ್ಲಿ ಸೂರ್ಯ ಕಬ್ಬಿನ ಗರಿಯ ಮೇಲೆ ಕೂತು, ಕೆಂಪಾಗಿ, ಎಲ್ಲರಿಗೂ ಹೇಳಿಯೇ ಹೋಗುತ್ತಾನೆ. ಗುಡ್ಡದೂರಿನಲ್ಲಿ ಅವನು ಹೇಳದೆ ಕೇಳದೆ ಎದ್ದು ಹೋಗುತ್ತಾನೆ ಎಂಬುದು ಇಷ್ಟು ವಯಸ್ಸಾದರೂ ನನ್ನ ತಲೆಗೆ ಹೊಳೆದಿರಲಿಲ್ಲ. ನಾವು ಬಂದಾಗ ಟೆಂಟಿನ ಸುತ್ತ ತಂಪೋ ತಂಪು. ನಾನು ಹೊಗಳಿಕೆಗೆ ಕಾದು ನಿಂತೆ. ಅವ್ವ ಗುಡ್ಡದ ಕಡೆ ನೋಡಿದಳು, ಬಿಚ್ಚುತ್ತಿದ್ದ ರೊಟ್ಟಿಯ ಗಂಟನ್ನು ಮತ್ತೆ ಕಟ್ಟಿದಳು.

“ಹೊತ್ತು ಮುಳಗಿತು,” ಎಂದಳು.

“ಮುಳಗಿಲ್ಲವ್ವಾ, ಗುಡ್ಡದ ಹಿಂದ ಹೋಗ್ಯಾನ. ಕ್ಯಾಲೆಂಡರ್ದಾಗ ಇನ್ನೂ ತಾಸಿನ ಮ್ಯಾಲ ಐತಿ.”

“ಕ್ಯಾಲೆಂಡರ್ ಗ್ವಾಡಿಮ್ಯಾಲಿಂದು. ನಾ ಕಣ್ಣಿಲೆ ನೋಡಿ ಉಣ್ಣಾಕಿ. ಕಾಣದಿದ್ರ ಉಣ್ಣೂದಿಲ್ಲ. ನೀವು ಉಣ್ರಿ, ನನಗೇನ ಹಸಿವಿಲ್ಲ.”

ಹಸಿವಿಲ್ಲ ಎಂದಾಗ ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಬೆಳಿಗ್ಗೆ ತಿಂದ ಎರಡು ರೊಟ್ಟಿಯ ಮೇಲೆ ದಿನವಿಡೀ ಕುಣಿದ ಮುದುಕಿ, ನಾಳೆ ಬೆಳಗಿನವರೆಗೆ ನೀರೂ ಇಲ್ಲದೆ ಕೂರಬೇಕು, ಅದೂ ನಾನು ಆರಿಸಿದ ಜಾಗದಲ್ಲಿ. ಪದ್ಮಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಅಷ್ಟರಲ್ಲಿ ತ್ರಿಶಲಾ ಅಜ್ಜಿಯ ಸೆರಗು ಜಗ್ಗಿ ಕಿರುಚಿದಳು. “ಆಯಿ, ಅಲ್ಲಿ ನೋಡು! ದಿಬ್ಬದ ಮ್ಯಾಲ ಬಿಸಲೈತಿ!”

ಹೌದು, ದೂರದ ದಿಬ್ಬದ ಮೇಲೆ ಇನ್ನೂ ಹಳದಿ ಬಿಸಿಲು. ಮುಂದೆ ತ್ರಿಶಲಾ, ಅವಳ ಹಿಂದೆ ಡಬ್ಬಿ ಹಿಡಿದ ಪದ್ಮಾ, ಆಮೇಲೆ ಅವ್ವ, ಕೊನೆಗೆ ಬಾಟಲಿ ಹಿಡಿದ ನಾನು. ಸೂರ್ಯನನ್ನು ಹಿಡಿಯಲು ನಮ್ಮ ಮನೆತನದಲ್ಲಿ ಯಾರೂ ಹೀಗೆ ಓಡಿರಲಿಕ್ಕಿಲ್ಲ. ಆದರೆ ನೆರಳು ನಮಗಿಂತ ಜೋರಾಗಿ ಓಡಿತು. ದಿಬ್ಬ ಹತ್ತಿ ಏದುಸಿರು ಬಿಡುತ್ತ ನಿಂತಾಗ ನೆಲದ ಮೇಲೆ ಬಿಸಿಲಿರಲಿಲ್ಲ. ಬಿಸಿಲಿದ್ದದ್ದು ಒಂದೇ ಕಡೆ, ಜಾಯಿಂಟ್ ವ್ಹೀಲಿನ ಮೇಲಿನ ಅರ್ಧದಲ್ಲಿ.

ಎಲ್ಲರೂ ತಲೆಯೆತ್ತಿ ನೋಡಿದರು. ನಾನು ತಲೆ ತಗ್ಗಿಸಿದೆ.

“ಒಂದ ತೊಟ್ಟಲಾ ಖಾಲಿ ಐತ್ರಿ, ಇಬ್ಬರ ಬರ್ರಿ,” ಎಂದ ವ್ಹೀಲ್ ನಡೆಸುವವನು. ಅವ್ವ ಡಬ್ಬಿಯಿಂದ ಒಂದು ಹೋಳಿಗೆ ತೆಗೆದು ಮಡಚಿ ಕೈಯಲ್ಲಿ ಹಿಡಿದಳು. ತ್ರಿಶಲಾ ಮುಂದೆ ನುಗ್ಗಿದಳು. ಅವ್ವ ಅವಳನ್ನು ತಡೆದು, “ಭರತ್ಯಾ, ನೀ ಬಾ. ನೀರ ಹಿಡ್ಕೊ,” ಎಂದಳು. ಕೋರ್ಟಿನಲ್ಲಿ ಭರತೇಶ ಸಾಹೇಬರು ಅನ್ನಿಸಿಕೊಳ್ಳುವ ನಾನು ಬಾಟಲಿ ಅವುಚಿಕೊಂಡು ಅವಳ ಹಿಂದೆ ಹೋದೆ.

ನಡೆಸುವವನು ಹೋಳಿಗೆ ನೋಡಿ ತಕರಾರು ತೆಗೆದ. “ಅಜ್ಜಿ, ಮ್ಯಾಲ ತಿನ್ನೂ ಹಂಗಿಲ್ಲರಿ.”

“ಸೂರ್ಯ ಕಂಡ್ರ ಅಷ್ಟ ತಿಂತೀನಿ ಮಗಾ, ಕಾಣದಿದ್ರ ಹಂಗ ತರ್ತೀನಿ,” ಎಂದಳು ಅವ್ವ. ಅವನು ಅವಳ ಮುಖ ನೋಡಿದ, ಮುಳುಗುವ ಹೊತ್ತನ್ನೂ ನೋಡಿದ. “ನಮ್ಮ ಆಯಿನೂ ಹಂಗ್ರಿ,” ಎಂದು ಸರಳು ಹಾಕಿದ. “ಚಷ್ಮಾ ತಗದು ಕೊಡ್ರಿ, ಬೀಳತೈತಿ,” ಎಂದು ಅವ್ವನ ಕನ್ನಡಕವನ್ನು ಮಾತ್ರ ಪದ್ಮಾಳ ಕೈಗೆ ಕೊಡಿಸಿದ.

ತೊಟ್ಟಿಲು ನೆಲ ಬಿಟ್ಟ ಕ್ಷಣವೇ ನಾನು ಕಣ್ಣು ಮುಚ್ಚಿದೆ. ಏರಿತು, ಇನ್ನೂ ಏರಿತು. ಮುಖಕ್ಕೆ ಬೆಚ್ಚಗೆ ಏನೋ ತಾಗಿತು.

“ಭರತ್ಯಾ, ಸೂರ್ಯ ಕಾಣ್ತಾನೇನೋ?”

ನನಗೆ ಕಂಡದ್ದು ರೆಪ್ಪೆಯ ಒಳಗಿನ ಕೆಂಪು ಮಾತ್ರ. ಆದರೆ ತೆರೆದರೆ ಕೆಳಗಿನ ನೆಲ ಕಾಣುತ್ತದಲ್ಲ! “ಕಾಣ್ತಾನವ್ವಾ, ತಿನ್ನು,” ಎಂದೆ. ಅವ್ವ ಒಂದು ತುತ್ತು ತಿಂದಳು. ತೊಟ್ಟಿಲು ಇಳಿಯಿತು, ಅವಳು ಬಾಯಿ ಕಟ್ಟಿ ಕೂತಳು. ಮತ್ತೆ ಏರಿತು. “ಕಾಣ್ತಾನೇನೋ?” “ಕಾಣ್ತಾನ.” ಇನ್ನೊಂದು ತುತ್ತು. ಹೀಗೆ ಅವ್ವನಿಗೆ ಒಂದೊಂದು ಸುತ್ತಿಗೆ ಒಂದೊಂದು ಸೂರ್ಯೋದಯವಾಯಿತು. ಐದು ಸುತ್ತಿನಲ್ಲಿ ಹೋಳಿಗೆ ಮುಗಿದು, ಆರನೆಯದರಲ್ಲಿ ನೀರು ಕುಡಿದಳು. ಕೆಳಗೆ ಜನ ಸೇರಿದ್ದರು, ಪ್ರತಿ ತುತ್ತಿಗೂ ಚಪ್ಪಾಳೆ ಕೇಳಿಸುತ್ತಿತ್ತು. ಇಳಿದಾಗ ನಡೆಸುವವನು ಅವ್ವನ ಕಾಲಿಗೆ ನಮಸ್ಕಾರ ಮಾಡಿದ. ತ್ರಿಶಲಾ ಸಂತೋಷದಿಂದ ಕುಣಿದಾಡಿದಳು. ಪದ್ಮಾ, “ಮಿಸಳ ತಿಂದಿದ್ದೀರೇನ್ರಿ, ಮುಖ ಹಂಗ್ಯಾಕಾಗೇತಿ?” ಎಂದಳು.

ಎಲ್ಲರೂ ಖುಷಿಯಾಗಿದ್ದರು, ನನಗೆ ಮಾತ್ರ ಒಳಗೊಳಗೇ ಕೊರೆಯುತ್ತಿತ್ತು. ಅವ್ವನ ಇಷ್ಟು ವರ್ಷಗಳ ನೇಮ, ಕಣ್ಣು ಮುಚ್ಚಿದ ಒಬ್ಬ ಸಾಕ್ಷಿಯ ಮಾತಿನ ಮೇಲೆ ನಿಂತಿತ್ತು! ಮರುದಿನ ಬೆಳಿಗ್ಗೆ ಟೆಂಟಿನ ಮುಂದೆ ಅವಳು ಮೊದಲ ಗುಟುಕು ನೀರು ಕುಡಿಯುವಾಗ ಹತ್ತಿರ ಕೂತು ಎಲ್ಲ ಒಪ್ಪಿಕೊಂಡೆ. ಗುಡ್ಡದ ಬುಡ ಯಾಕೆ ಆರಿಸಿದೆ ಎಂಬುದನ್ನೂ ಹೇಳಿದೆ.

ಅವ್ವ ಬಾಯಿ ತುಂಬ ನಕ್ಕಳು. “ಹುಚ್ಚಾ, ಚಷ್ಮಾ ಪುಸ್ತಕಾ ಓದಾಕ. ಸೂರ್ಯನ್ನ ನೋಡಾಕ ಚಷ್ಮಾ ಬೇಕೇನು? ಆರೂ ಸಲ ನಾನ ನೋಡೀನಿ. ಸಣ್ಣಾಂವ ಇದ್ದಾಗ ಅಟ್ಟಾ ಹತ್ತಿದ್ರೂ ಹಿಂಗ ಕಣ್ಣ ಮುಚ್ಚತಿದ್ದಿ. ಒಮ್ಮೆರ ತಗೀತಾನೇನೋ ಅಂತ ಕೇಳ್ಕೋತ ಕುಂತೆ. ಅಂಥಾ ಛಂದ ಸೂರ್ಯ ಇದ್ದ, ನೀ ನೋಡಲೇ ಇಲ್ಲಲ್ಲೋ.”

ಆ ದಿನ ಸಂಜೆ ಕೊಲ್ಲಾಪುರದಲ್ಲಿ ನಿಪ್ಪಾಣಿಯ ಬಸ್ಸು ಹತ್ತಿದೆವು. ಬಲಗಡೆ ಬಿಸಿಲು, ಎಡಗಡೆ ಕೂರಬೇಕು ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವ್ವ ಹೋಗಿ ಬಲಗಡೆಯ ಕಿಟಕಿಯಲ್ಲಿ ಕೂತು, “ಬಾ, ಇಲ್ಲೇ ಛಲೋ ಜಾಗಾ. ಇನ್ನೂ ಎರಡ ಹೋಳಿಗಿ ಉಳದಾವ,” ಎಂದು ಡಬ್ಬಿ ತೆಗೆದಳು. ಇಡೀ ಬಸ್ಸಿನಲ್ಲಿ ಬುದ್ಧಿವಂತರೆಲ್ಲ ಎಡಗಡೆ ಕೂತಿದ್ದರು. ನಾನು ಅವಳ ಪಕ್ಕದಲ್ಲಿ ಬೆವರುತ್ತ ಕೂತೆ.

“ಭರತ್ಯಾ, ಸೂರ್ಯ ಕಾಣ್ತಾನೇನೋ?” ಎಂದಳು, ನನ್ನ ಕೈಗೂ ಒಂದು ಹೋಳಿಗೆ ಕೊಡುತ್ತ.

ಕಣ್ಣು ಕುಕ್ಕುತ್ತಿತ್ತು, ನೀರು ಬರುತ್ತಿತ್ತು, ಆದರೂ ತೆರೆದುಕೊಂಡೇ ಇದ್ದೆ. “ಕಾಣ್ತಾನವ್ವಾ,” ಎಂದೆ.