ಸ್ಮಿತ್ ಮೇಲೊಂದು ಸಂಶಯ

ಜರ್ಮನಿಯ ಎರ್ಲಾಂಗೆನ್ನಿನ ಪೊಲೀಸರು ಸಂಜೆಗೆಲ್ಲ ಮನೆ ಸೇರಿ ಆರಾಮವಾಗಿ ಬಿಯರ್ ಕುಡಿಯುತ್ತಿದ್ದರೆ ಅದಕ್ಕೆ ನಮ್ಮ ಮೂರನೇ ಮಹಡಿಯ ಮಹಾಶಯರೇ ಕಾರಣ. ಊರಿನಲ್ಲಿ ಪಡಬೇಕಾದ ಸಂಶಯವನ್ನೆಲ್ಲ ಅವರೊಬ್ಬರೇ ಪಟ್ಟು ಮುಗಿಸಿರುತ್ತಿದ್ದರು! ಗದಗದ ಕಡೆಯವರು, ನನ್ನ ಹಾಗೆಯೇ ಜರ್ಮನ್ ಸರಕಾರ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಐದು ವರ್ಷದ ಗ್ರೀನ್ ಕಾರ್ಡ್ ಹಿಡಿದು ಬಂದ ಎಂಜಿನಿಯರು. ನಾನು ಉಡುಪಿಯವನು, ಅವರ ಕೆಳಗಿನ ಮನೆ. ಅವರ ಸಂಶಯಕ್ಕೆ ಆಧಾರ ಒಂದೇ, ಎದುರಿಗಿದ್ದವರ ಅಡ್ಡಹೆಸರು.

ಮೊದಲು ಸಿಕ್ಕಿಬಿದ್ದವನು ನಾನೇ.

"ಅಡ್ಡಹೆಸರೇನು ತಮ್ಮಾ?"

"ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ ಮಾರಾಯ್ರೆ. ಎರಡು ಇನಿಶಿಯಲ್ ಉಂಟು. ಒಂದು ಊರಿದ್ದು, ಒಂದು ಅಪ್ಪನದ್ದು."

"ಎರಡು ಅಕ್ಷರದ ಹಿಂದ ಅಡಗಿ ಕುಂತೀಯಲ್ಲೋ. ಏನೋ ಐತಿ."

ಆಮೇಲೆ ಒಂದು ತಿಂಗಳು ನನ್ನನ್ನು ಮನೆಯೊಳಗೆ ಕರೆಯದೆ ಬಾಗಿಲಲ್ಲೇ ಚಹಾ ಕೊಟ್ಟರು.

ನಮ್ಮ ಕಟ್ಟಡದ ಕರೆಗಂಟೆಗಳ ಪಕ್ಕದಲ್ಲಿದ್ದ ಹೆಸರುಗಳನ್ನು ಅವರು ಪಂಚಾಂಗದಂತೆ ಓದುತ್ತಿದ್ದರು. ಷ್ನೈಡರ್ ಅಂದರೆ ದರ್ಜಿ. ಆದರೆ ಷ್ನೈಡರ್ ಅಜ್ಜಿಯ ಕೋಟಿಗೆ ಒಂದು ಗುಂಡಿಯೇ ಇರಲಿಲ್ಲ. ದರ್ಜಿ ಮನೆತನದವರಿಗೆ ಗುಂಡಿ ಹಚ್ಚಲು ಬರುವುದಿಲ್ಲವೇ? ಮ್ಯುಲರ್ ಅಂದರೆ ಹಿಟ್ಟಿನ ಗಿರಣಿಯವರು. ಅವರು ಅಂಗಡಿಯಿಂದ ಬ್ರೆಡ್ ತರುವುದನ್ನು ಮಹಾಶಯರು ಕಿಟಕಿಯಿಂದ ಕಣ್ಣಾರೆ ಕಂಡಿದ್ದರು. ಇನ್ನೇನು ಸಾಕ್ಷಿ ಬೇಕು?

ಇಷ್ಟರಲ್ಲಿ ನೆಲಮಹಡಿಗೆ ಸ್ಮಿತ್ ಎಂಬ ಇಂಗ್ಲೆಂಡಿನವರು ಬಂದರು. ಮಹಾಶಯರ ನಿದ್ದೆ ಹಾರಿಹೋಯಿತು.

"ಸ್ಮಿತ್ ಅಂದ್ರ ಕಮ್ಮಾರ," ಎಂದು ನನಗೆ ಪಾಠ ಶುರುವಾಯಿತು. "ಹಿಂದಕ ಅಲ್ಲಿ ಒಂದು ಹಳ್ಳಿಗೆ ನಾಕು ಮಂದಿ ಜಾನ್ ಇರ್ತಿದ್ರು. ತೆರಿಗಿ ಬರಿಯಾವ ಯಾವ ಜಾನ್ ಅಂತ ಬರೀಬೇಕು? ಕುಲುಮಿ ಜಾನ್ ಅಂತ ಬರದ. ಮೊಮ್ಮಗ ಸುತ್ತಿಗಿ ಬಿಟ್ರೂ ಹೆಸರು ಬಿಡಲಿಲ್ಲ. ನೇಗಿಲಾ, ಲಾಳಾ, ಕತ್ತಿ ಎಲ್ಲಾದಕ್ಕೂ ಕಮ್ಮಾರ ಬೇಕು. ಅದಕ್ಕs ಊರ ತುಂಬ ಸ್ಮಿತ್."

"ಹಾಗಾದರೆ ಇವರ ಮೇಲೆ ಸಂಶಯ ಎಂತದ್ದು?"

"ಅಷ್ಟು ಮಂದಿ ಇರೋ ಹೆಸರು ಯಾರು ಇಟ್ಕೋತಾರ? ತಪ್ಪಿಸಿಕೊಳ್ಳಾವರು. ಅವನ ಜರ್ಮನ್ ಕೇಳೀಯೇನು? ಇಂಗ್ಲಿಷಿನವರು ಅಷ್ಟು ಚಂದ ಮಾತಾಡಂಗಿಲ್ಲ. ಏನೋ ಐತಿ."

ಊರವರ ಹೆಸರು ಹೀಗೆ ಜಾಲಾಡುತ್ತಿದ್ದ ಹೊತ್ತಿನಲ್ಲೇ ಅವರಿಗೆ ಹೆಣ್ಣುಮಗು ಹುಟ್ಟಿತು. ಜನನ ನೋಂದಣಿ ಮಾಡುವ ಸ್ಟಾಂಡಸಾಮ್ಟಿನವರು ಮಗುವಿನ ಅಡ್ಡಹೆಸರು ಕೇಳಿದರು. ನಿಮ್ಮ ದೇಶದ ಪದ್ಧತಿಯಂತೆ ಯಾವುದಾದರೂ ಬರೆಯಿರಿ, ಆದರೆ ಬರೆಯಿರಿ ಎಂದರು. ಮಹಾಶಯರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಾಗಿ ಇದ್ದದ್ದು ಅವರ ಹಳ್ಳಿಯ ಹೆಸರು. ಅದನ್ನೇ ಬರೆದರೆ ಮುಗಿಯಿತಲ್ಲ? ಬರೆಯಲಿಲ್ಲ! ಮೂರು ಸಲ ಹೋದರು, ಮೂರು ಸಲವೂ ಖಾಲಿ ಅರ್ಜಿ ಹಿಡಿದು ಬಂದರು. ಬರೆಯದಿದ್ದರೆ ಜನನ ಪತ್ರವಿಲ್ಲ, ಅದಿಲ್ಲದೆ ಪಾಸ್‌ಪೋರ್ಟಿಲ್ಲ, ಅದೂ ಇಲ್ಲದೆ ವೀಸಾ ಇಲ್ಲ. ಎರಡು ತಿಂಗಳಾದರೂ ಆ ಕೂಸು ಯಾವ ಸರಕಾರದ ಲೆಕ್ಕಕ್ಕೂ ಹುಟ್ಟಿರಲಿಲ್ಲ.

"ಮಂದೀ ಹೆಸರೆಲ್ಲ ಕೆದರತೀರಿ, ಮಗಳ ಹೆಸರು ಬರಿಯಾಕ ಪೆನ್ನು ಸಿಗವಲ್ದೇನು?" ಎಂದು ಅವರ ಹೆಂಡತಿ ಅಳುತ್ತಲೇ ಕೇಳಿದ್ದು ಕೆಳಗೆ ನನಗೂ ಕೇಳಿಸಿತು.

ಒಂದು ಶನಿವಾರ ನೆಲಮಾಳಿಗೆಯಲ್ಲಿ ಸ್ಮಿತ್ ತಮ್ಮ ಸೈಕಲ್ಲಿನ ಸೊಟ್ಟಗಾದ ಮಡ್‌ಗಾರ್ಡಿನೊಂದಿಗೆ ಒದ್ದಾಡುತ್ತಿದ್ದರು. ಸುತ್ತಿಗೆಯ ಪೆಟ್ಟು ಮಡ್‌ಗಾರ್ಡಿಗಿಂತ ಅವರ ಬೆರಳಿಗೇ ಹೆಚ್ಚು ಬೀಳುತ್ತಿತ್ತು. ಮಹಾಶಯರಿಗೆ ತಡೆಯಲಾಗಲಿಲ್ಲ. ಸುತ್ತಿಗೆ ಕಸಿದುಕೊಂಡು, ತಗಡನ್ನು ಮೆಟ್ಟಿಲ ಕಲ್ಲಿನ ಮೇಲಿಟ್ಟು ಎರಡೇ ಎರಡು ಪೆಟ್ಟು ಕೊಟ್ಟರು. ನೆಟ್ಟಗಾಯಿತು. ಕಂಪ್ಯೂಟರ್ ಕುಟ್ಟುವ ಕೈಯಲ್ಲಿ ಈ ಹದ ಎಲ್ಲಿಂದ ಬಂತು? ಆ ದಿನ ಮೊದಲ ಬಾರಿಗೆ ನನಗೂ ಅವರ ಮೇಲೆ ಸಂಶಯ ಬಂತು.

ಮಹಾಶಯರು ಮಾತ್ರ ನೇರವಾಗಿ ಸ್ಮಿತ್ತರನ್ನು ಕೇಳಿಯೇಬಿಟ್ಟರು, "ನೀವು ನಿಜವಾಗಿ ಸ್ಮಿತ್ ಅಲ್ಲ, ಹೌದೋ ಅಲ್ಲೋ?"

ಸ್ಮಿತ್ ಬೆರಳು ಚೀಪುತ್ತ ನಕ್ಕರು. "ಹೌದು, ಅಲ್ಲ. ನಮ್ಮ ತಾತ ಇಲ್ಲಿಂದ ಲಂಡನ್ನಿಗೆ ಹೋಗಿ ಬೇಕರಿ ಇಟ್ಟ ಷ್ಮಿಟ್. ಅರ್ಥ ಅದೇ, ಕಮ್ಮಾರ. ಮೊದಲನೇ ಮಹಾಯುದ್ಧ ಬಂದಾಗ ಜರ್ಮನ್ ಹೆಸರು ಅಂತ ಅಂಗಡಿಯ ಗಾಜು ಒಡೆದರು. ಮಕ್ಕಳಿಗೆ ತೊಂದರೆ ಬೇಡ ಅಂತ ಒಂದೇ ವಾರದಲ್ಲಿ ಸ್ಮಿತ್ ಆದ. ಅಪ್ಪ ಅದನ್ನು ನನಗೆ ಹೇಳಿದ್ದು ಸಾಯುವ ಮುಂಚೆ. ಆಮೇಲೆ ಹಟ ಹಿಡಿದು ಜರ್ಮನ್ ಕಲಿತು ಇಲ್ಲಿಗೆ ಬಂದೆ."

ಸಂಶಯ ನಿಜವಾದ ಖುಷಿಗೆ ಮಹಾಶಯರು ಕುಣಿಯುತ್ತಾರೆಂದುಕೊಂಡೆ. ಅವರು ಸುತ್ತಿಗೆ ಕೆಳಗಿಟ್ಟು ಮೆಟ್ಟಿಲು ಹತ್ತಿದರು. ನಾನೂ ಹಿಂದೆ ಹೋದೆ. ನನ್ನ ಮನೆಯ ಬಾಗಿಲ ಹತ್ತಿರ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ನಮ್ಮ ಅಡ್ಡಹೆಸರೂ ಅದs ತಮ್ಮಾ. ಕಮ್ಮಾರ. ಸಾಲ್ಯಾಗ ಮಾಸ್ತರು ಪಾಠ ಬಿಡಿಸಿ ಬೆಂಚಿನ ಮೊಳಿ ಬಡಿಯಾಕ ನನ್ನ ಎಬ್ಬಸ್ತಿದ್ರು. ಹುಡುಗ್ರು ನಗ್ತಿದ್ರು. ಒಂದಿನ ಅಪ್ಪ ಕುಲುಮಿ ಬಿಟ್ಟು ಬಂದು ಹಾಜರಿ ಪುಸ್ತಕದಾಗ ಊರ ಹೆಸರು ಬರಸಿ ಹೋದ. ತನ್ನ ಹೆಸರು ತಾನs ಅಳಿಸಿದ. ಅವತ್ತಿನಿಂದ ಯಾರರೆ ಅಡ್ಡಹೆಸರು ಕೇಳ್ಯಾರು ಅಂತ ಅಂಜಿ, ನಾನs ಮೊದಲು ಕೇಳ್ತೀನಿ."

ಇಷ್ಟು ದಿನ ಅವರನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಸೋಮವಾರ ಅವರು ಸ್ಟಾಂಡಸಾಮ್ಟಿಗೆ ನನ್ನನ್ನೂ ಕರೆದುಕೊಂಡು ಹೋದರು. ಒಂದೇ ಉಸಿರಿನಲ್ಲಿ ಬರೆದರು. ಅಲ್ಲಿಂದ ನೇರವಾಗಿ ಫೋನ್ ಬೂತಿಗೆ. ಅವರ ತಂದೆ ಗದಗದಿಂದ ಜರ್ಮನಿಗೆ ಫೋನಿಲ್ಲದೆಯೂ ಕೇಳುವಷ್ಟು ಜೋರಾಗಿ ಮಾತನಾಡುವವರು. ಪಕ್ಕದಲ್ಲಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

"ಅಪ್ಪಾ, ಕೂಸಿಗೆ ಕಮ್ಮಾರ ಅಂತ ಬರಸೀನಿ."

ಅಷ್ಟು ಜೋರು ದನಿಯ ಮುದುಕರು ಮೆಲ್ಲಗೆ ಕೇಳಿದರು, "ಅಲ್ಲೆ ಅದಕ್ಕ ಯಾರೂ ಏನೂ ಅನ್ನಂಗಿಲ್ಲಲ್ಲೋ?"

ಮಹಾಶಯರು ಬೂತಿನಲ್ಲಿ ಸರಪಳಿ ಹಾಕಿ ಕಟ್ಟಿದ್ದ ಟೆಲಿಫೋನ್ ಡೈರೆಕ್ಟರಿಯನ್ನು ತೆರೆದು, ಷ್ಮಿಟ್‌ಗಳಿದ್ದ ಪುಟಗಳನ್ನು ಒಂದೊಂದಾಗಿ ತಿರುವಿದರು.

"ಇಲ್ಲಪಾ," ಎಂದರು. "ಇಲ್ಲೆ ಎಲ್ಲಾ ನಮ್ಮವರs ಅದಾರ."